ಒಕ್ಕಲುತನದ ಲೆಕ್ಕಪತ್ರಗಳು: ಲಿನಕ್ಸ್ ಗಣಕಯಂತ್ರದಲ್ಲಿ ಮುಕ್ತ ತಂತ್ರಾಂಶವನ್ನು ಸ್ಥಾಪಿಸುವ ಕ್ರಮ

(ದುಮ್ಮವಾಡ ಭಾಗದ ಜಮೀನುದಾರರಿಗೂ ಊರ ಮುಖ್ಯರಿಗೂ ಉಪಯುಕ್ತವಾದ ಸೂಚನೆಗಳು)

ಪೀಠಿಕೆ

ಒಕ್ಕಲುತನವು ಮಳೆಯನ್ನೂ ಮಣ್ಣನ್ನೂ ನಂಬಿ ನಡೆಯುವಂಥದಾಗಿದ್ದರೂ, ಅದೂ ಒಂದು ಉದ್ಯೋಗವೇ ಆಗಿರುವದರಿಂದ ಲೆಕ್ಕವಿಲ್ಲದೆ ಚೆನ್ನಾಗಿ ನಡೆಯಲಾರದು. ಕಲಘಟಗಿ ತಾಲೂಕಿನ ದುಮ್ಮವಾಡ ಹಾಗೂ ಅದರ ಸುತ್ತಲಿನ ಊರುಗಳು ಮಲೆನಾಡಿಗೂ ಬೆಳವಲಕ್ಕೂ ನಡುವಿನ ಸೀಮೆಯಲ್ಲಿರುತ್ತವೆ. ಇಲ್ಲಿಯ ಒಕ್ಕಲಿಗನು ಕೂರಿಗೆಭತ್ತ, ಸೋಯಾಬೀನ, ಗೋವಿನಜೋಳ, ಹತ್ತಿ, ಕಬ್ಬು ಮೊದಲಾದವುಗಳಲ್ಲಿ ಎರಡು-ಮೂರು ಬೆಳೆಗಳನ್ನಾದರೂ ಒಂದೇ ವರ್ಷದಲ್ಲಿ ತೆಗೆಯುವದುಂಟು. ಒಂದೊಂದು ಬೆಳೆಗೂ ಖರ್ಚು ಬೀಳುವ ಕಾಲ ಬೇರೆ, ಹಣ ಬರುವ ಕಾಲ ಬೇರೆ. ಬಿತ್ತಿಗೆಯ ಕಾಲಕ್ಕೆ ಬೀಜ-ಗೊಬ್ಬರಗಳಿಗೆ ಹಣ ಹೋಗುವದು; ಸುಗ್ಗಿಯಾದ ಮೇಲೆ ಮಾಲು ಪೇಟೆಗೆ ಹೋಗುವದು; ಕಬ್ಬಿನ ಹಣವು ಇನ್ನೂ ಮುಂದಕ್ಕೆ ಕೈಸೇರುವದು. ನಡುವೆ ಸಂಘದ ಬೆಳೆಸಾಲ, ಅಂಗಡಿಯ ಉದ್ರಿ, ಟ್ರ್ಯಾಕ್ಟರದ ಬಾಡಿಗೆ, ಕೂಲಿಯವರಿಗೆ ಕೊಟ್ಟ ಮುಂಗಡ ಇವೆಲ್ಲವೂ ಅನೇಕ ಮನೆತನಗಳಲ್ಲಿ ಬಾಯಿಲೆಕ್ಕದಲ್ಲಿಯೇ ಉಳಿದಿರುವವು.

ಬಾಯಿಲೆಕ್ಕದಿಂದ ಆಗುವ ಹಾನಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಸಾಲದ ಹಣ ಕೈಗೆ ಬಂದ ದಿನ ಅದು ಗಳಿಕೆಯಂತೆ ಕಂಡು, ಮದುವೆ-ಮುಂಜಿಗಳಿಗೂ ಹಬ್ಬಗಳಿಗೂ ಸಲೀಸಾಗಿ ಹರಿದುಹೋಗುವದು. ಎರಡನೆಯದು, ಒಂದು ಹೊಲದ ಲಾಭವು ಇನ್ನೊಂದು ಹೊಲದ ಹಾನಿಯನ್ನು ಮುಚ್ಚಿಬಿಡುವದರಿಂದ, ಯಾವ ಬೆಳೆಯು ಮನೆಯನ್ನು ಸಾಕುತ್ತಿದೆ, ಯಾವದು ತಿನ್ನುತ್ತಿದೆ ಎಂಬುದು ಯಜಮಾನನಿಗೆ ತಿಳಿಯುವದಿಲ್ಲ. ಮೂರನೆಯದೂ ಎಲ್ಲಕ್ಕೂ ಕಠಿಣವಾದದ್ದೂ ಯಾವದೆಂದರೆ, ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡಿದ್ದ ಹಿರಿಯರು ತೀರಿಕೊಂಡರೆ ಕೊಡತಕ್ಕದ್ದೂ ಬರತಕ್ಕದ್ದೂ ಅವರೊಡನೆಯೇ ಹೋಗುವವು. ಅಣ್ಣತಮ್ಮಂದಿರಲ್ಲಿ ಹುಟ್ಟುವ ಜಗಳವೊಂದೇ ಹಿಂದೆ ಉಳಿಯುವದು.

ಈ ಹಾನಿಗಳನ್ನು ತಪ್ಪಿಸಿಕೊಳ್ಳಲು ಹೆಚ್ಚಿನ ವೆಚ್ಚವೇನೂ ಬೇಕಾಗಿಲ್ಲ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಗಣಕಯಂತ್ರವೊಂದು, ಬೆಲೆಯಿಲ್ಲದೆ ದೊರೆಯುವ ತಂತ್ರಾಂಶ, ಹಾಗೂ ದಿನಕ್ಕೆ ಕಾಲು ಗಂಟೆಯ ಶಿಸ್ತು ಇವಿಷ್ಟು ಸಾಕು. ಅವುಗಳನ್ನು ಕೂಡಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಳೆಯ ದಫ್ತರಗಳ ಪಾಠ

ಹಿಂದಕ್ಕೆ ಊರ ಲೆಕ್ಕವು ಕುಲಕರ್ಣಿಯವರ ದಫ್ತರದಲ್ಲಿಯೂ, ಊರ ಮಾತು ಗೌಡರ ಕಟ್ಟೆಯ ಮೇಲೂ ಇರುತ್ತಿದ್ದವು. ವಂಶಪರಂಪರೆಯ ಈ ಗ್ರಾಮಾಧಿಕಾರಗಳು ಮುಂದೆ ಕಾನೂನಿನಿಂದ ರದ್ದಾದವು. ಆ ಕಾಲದ ಕಾಗದಪತ್ರಗಳಲ್ಲಿ ಮೋಡಿ ಲಿಪಿಯಲ್ಲಿ ಬರೆದವು ಎಷ್ಟೋ ಇರುತ್ತವೆ. ಕಾಗದವು ಗಟ್ಟಿಯಾಗಿದೆ, ಮಸಿಯು ಮಾಸಿಲ್ಲ; ಆದರೆ ಓದಬಲ್ಲವರು ಊರಲ್ಲಿ ಉಳಿದಿಲ್ಲ. ತನ್ನ ಅಜ್ಜನ ಕೈಯ ಲೆಕ್ಕವನ್ನು ತಿಳಿಯಲು ಮೊಮ್ಮಗನು ದೂರದ ಪಟ್ಟಣದಲ್ಲಿ ಮೋಡಿ ಬಲ್ಲವರನ್ನು ಹುಡುಕಬೇಕಾಗುವದು. ಲೆಕ್ಕವು ಇದ್ದರೆ ಸಾಲದು, ಅದನ್ನು ತೆರೆದು ಓದುವ ಉಪಾಯವೂ ಲೆಕ್ಕದ ಒಡೆಯನ ಕೈಯಲ್ಲಿಯೇ ಇರತಕ್ಕದ್ದೆಂಬ ಪಾಠವು ಇದರಿಂದ ತಿಳಿದುಬರುವದು.

ಗಣಕಯಂತ್ರದ ಲೆಕ್ಕಕ್ಕೂ ಇದೇ ಮಾತು ಸಲ್ಲುವದು. ಪೇಟೆಯಲ್ಲಿ ದೊರೆಯುವ ಕೆಲವು ಲೆಕ್ಕದ ತಂತ್ರಾಂಶಗಳಿಗೆ ವರ್ಷಂಪ್ರತಿ ವರ್ಗಣಿ ಕೊಡಬೇಕಾಗುವದು. ವರ್ಗಣಿ ನಿಂತರೆ ಹೊಸ ನೋಂದುಗಳನ್ನು ಬರೆಯುವ ಅನುಕೂಲವು ನಿಲ್ಲಬಹುದು. ಬರೆದಿಟ್ಟ ಕಡತವನ್ನು ಬೇರೆ ತಂತ್ರಾಂಶದಲ್ಲಿ ತೆರೆಯಲು ಬಾರದೆ ಹೋಗಬಹುದು. ಬಾಡಿಗೆಯ ಪೆಟ್ಟಿಗೆಯಲ್ಲಿ ಸ್ವಂತ ಪತ್ರಗಳನ್ನು ಇಟ್ಟಂತೆ ಆಗುವದು. ದೊಡ್ಡ ವ್ಯಾಪಾರಿಗಳಿಗೆ ಅಂಥ ತಂತ್ರಾಂಶಗಳಿಂದ ಪ್ರಯೋಜನವಿರುವದು ನಿಜ. ಆದರೆ ಹತ್ತಿಪ್ಪತ್ತು ಎಕರೆಯ ಒಕ್ಕಲುತನಕ್ಕೆ, ನಾಲ್ಕಾರು ಜನ ಕೂಡಿ ಹಾಕಿಸಿದ ಪಂಪಿನ ಲೆಕ್ಕಕ್ಕೆ, ಜಾತ್ರೆಯ ವರ್ಗಣಿಯ ಲೆಕ್ಕಕ್ಕೆ ಮುಕ್ತ ತಂತ್ರಾಂಶವೇ ಸಾಕಾಗುವದು.

ಲೆಕ್ಕವು ತೆರೆದಿರಬೇಕೆಂಬ ವಿಚಾರವು ಈ ಸೀಮೆಗೆ ಹೊಸದಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾನೂನು ಜಾರಿಗೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಕೃಷಿಪತ್ತಿನ ಸಹಕಾರಿ ಸಂಘವು ಹುಟ್ಟಿತು. ಅದು ದೇಶದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ನೆರೆಯವರ ಹಣವನ್ನು ನೆರೆಯವರು ನಂಬಿ ಇಟ್ಟುಕೊಳ್ಳುವ ಇಂಥ ಸಂಸ್ಥೆಗಳಿಗೆ ಸದಸ್ಯರು ನೋಡಬಹುದಾದ ಲೆಕ್ಕದ ಪುಸ್ತಕವೇ ಅಡಿಗಲ್ಲು.

ಮುಕ್ತ ತಂತ್ರಾಂಶವೆಂದರೇನು?

ಗಣಕಯಂತ್ರವು ಕೇವಲ ಎತ್ತು-ಗಾಡಿಗಳಂತಿದ್ದು, ಅದನ್ನು ನಡೆಸುವ ಗಾಡಿಕಾರನಿಗೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ವಿಂಡೋಸ್ ಎಂಬುದು ಅಂಥದೊಂದು, ಲಿನಕ್ಸ್ ಇನ್ನೊಂದು. 1983ರಲ್ಲಿ ಅಮೇರಿಕೆಯ ರಿಚರ್ಡ್ ಸ್ಟಾಲ್‌ಮನ್ ಎಂಬವರು ಎಲ್ಲರೂ ಸ್ವತಂತ್ರವಾಗಿ ಬಳಸಬಹುದಾದ ತಂತ್ರಾಂಶಗಳನ್ನು ರಚಿಸುವ 'ಗ್ನೂ' ಎಂಬ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬವರು ಲಿನಕ್ಸಿನ ತಿರುಳನ್ನು ಬರೆದು ಹೊರಗೆಡಹಿದರು. ಈ ಎರಡೂ ಕೂಡಿ ಇಂದು ಬಳಕೆಯಲ್ಲಿರುವ ವ್ಯವಸ್ಥೆಯಾಗಿದೆ.

ಮುಕ್ತ ತಂತ್ರಾಂಶದಲ್ಲಿ ಬಳಸುವವನಿಗೆ ನಾಲ್ಕು ಹಕ್ಕುಗಳಿರುತ್ತವೆ: ಬೇಕಾದ ಕೆಲಸಕ್ಕೆ ಅದನ್ನು ಉಪಯೋಗಿಸುವದು, ಅದರ ಒಳಗಿನ ರಚನೆಯನ್ನು ನೋಡಿ ತಿಳಿಯುವದು ಹಾಗೂ ತಿದ್ದುವದು, ಪ್ರತಿಗಳನ್ನು ಮಾಡಿ ನೆರೆಯವರಿಗೆ ಕೊಡುವದು, ತಿದ್ದಿದ್ದನ್ನು ಹಂಚುವದು. ಬಿತ್ತನೆಯ ಬೀಜದ ಹೋಲಿಕೆಯಿಂದ ಇದು ಬೇಗನೆ ತಿಳಿಯುವದು. ಸ್ವಂತ ಹೊಲದ ಹುಲುಸಾದ ತೆನೆಗಳನ್ನು ಆರಿಸಿ ಬೀಜಕ್ಕೆ ಇಟ್ಟುಕೊಳ್ಳುವ, ನೆರೆಯವನಿಗೆ ಒಂದು ಸೇರು ಕೊಡುವ ಹಕ್ಕು ಒಕ್ಕಲಿಗನಿಗೆ ಎಂಥದೋ, ಮುಕ್ತ ತಂತ್ರಾಂಶದ ಹಕ್ಕೂ ಅಂಥದೇ. ಬೆಲೆಯಿಲ್ಲದಿರುವದು ಇದರ ಒಂದು ಗುಣವಷ್ಟೆ. ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲದಿರುವದೇ ಮುಖ್ಯ ಗುಣ.

ಲೆಕ್ಕಕ್ಕಾಗಿ ಇರುವ ಮುಕ್ತ ತಂತ್ರಾಂಶಗಳಲ್ಲಿ ಗ್ನೂಕ್ಯಾಶ್ ಎಂಬುದು 1998ರಿಂದಲೂ ಬಳಕೆಯಲ್ಲಿದೆ. ಭಾರತದಲ್ಲಿಯೇ ರಚಿತವಾದ ಗ್ನೂಖಾತಾ ಎಂಬ ಮುಕ್ತ ತಂತ್ರಾಂಶವೂ ಉಂಟು. ಮನೆತನದ ಒಕ್ಕಲುತನಕ್ಕೆ ಗ್ನೂಕ್ಯಾಶ್ ಸರಳವಾಗಿರುವದರಿಂದ ಮುಂದಿನ ವಿವರಣೆಯು ಅದನ್ನೇ ಕುರಿತದ್ದಾಗಿದೆ.

ಬೇಕಾಗುವ ಯಂತ್ರ

2025ರ ಅಕ್ಟೋಬರ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವು ಮುಗಿದಿರುತ್ತದೆ. ವಿಂಡೋಸ್ 11ನ್ನು ತಾಳಲಾರದ ಎಷ್ಟೋ ಯಂತ್ರಗಳು ಇದರಿಂದ ಕೆಲಸಕ್ಕೆ ಬಾರದವೆಂದು ಮೂಲೆಗೆ ಸೇರುತ್ತಿರುವವು. ಅಂಥವುಗಳ ಮೇಲೆ ಲಿನಕ್ಸ್ ಚೆನ್ನಾಗಿ ನಡೆಯುವದು. ಆದುದರಿಂದ ಹೊಸ ಯಂತ್ರವನ್ನು ಕೊಳ್ಳುವ ಮೊದಲು ಮನೆಯಲ್ಲಿ ಇದ್ದದ್ದನ್ನು ಪರೀಕ್ಷಿಸತಕ್ಕದ್ದು.

ಲಿನಕ್ಸಿನಲ್ಲಿ ಅನೇಕ ತಳಿಗಳಿರುತ್ತವೆ. ಹೊಸಬರಿಗೆ ಲಿನಕ್ಸ್ ಮಿಂಟ್ ಎಂಬುದು ಅನುಕೂಲವಾದದ್ದು. ಅದರಲ್ಲಿಯೂ 'ಎಕ್ಸ್‌ಎಫ್‌ಸಿಇ' ಎಂಬ ಪ್ರಕಾರವು ಹಳೆಯ ಯಂತ್ರಗಳಿಗೆ ಹಗುರಾದದ್ದು. ಇದಕ್ಕೆ ಕನಿಷ್ಠ 2 ಜಿಬಿ ಸ್ಮರಣೆಯೂ 20 ಜಿಬಿ ಸ್ಥಳವೂ ಬೇಕು. 4 ಜಿಬಿ ಸ್ಮರಣೆ ಇದ್ದರೆ ನೆಟ್ಟಗೆ ನಡೆಯುವದು. ಮಿಂಟಿನ 22ನೆಯ ಶ್ರೇಣಿಗೆ 2029ರ ವರೆಗೆ ಬೆಂಬಲ ಉಂಟು. ವಿದ್ಯುತ್ತು ಆಗಾಗ ಹೋಗುವ ಊರುಗಳಲ್ಲಿ ಮೇಜಿನ ಯಂತ್ರಕ್ಕಿಂತ ಬ್ಯಾಟರಿ ಇರುವ ಲ್ಯಾಪ್‌ಟಾಪು ಲೇಸು. ಸ್ಥಾಪನೆಯ ದಿನ ಮಾತ್ರ ಅಂತರಜಾಲ ಬೇಕಾಗುವದು. ಅದಕ್ಕೆ ಮೊಬೈಲ್ ಫೋನಿನ ಹಾಟ್‌ಸ್ಪಾಟ್ ಸಾಕು. ದಿನದ ಲೆಕ್ಕ ಬರೆಯಲು ಅಂತರಜಾಲದ ಅವಶ್ಯಕತೆಯಿಲ್ಲ.

ಲಿನಕ್ಸನ್ನು ಸ್ಥಾಪಿಸುವ ಕ್ರಮ

1. ಯಂತ್ರದಲ್ಲಿ ಮೊದಲೇ ಇರುವ ಛಾಯಾಚಿತ್ರ, ಪಹಣಿಯ ಪ್ರತಿ, ಪತ್ರಗಳು ಮುಂತಾದವನ್ನೆಲ್ಲ ಬೇರೆ ಪೆನ್ ಡ್ರೈವಿಗೆ ನಕಲು ಮಾಡಿ ತೆಗೆದಿರಿಸತಕ್ಕದ್ದು. ಈ ಕೆಲಸವನ್ನು ಬಿಟ್ಟು ಮುಂದಿನದಕ್ಕೆ ಕೈಹಾಕಕೂಡದು.

2. ಲಿನಕ್ಸ್ ಮಿಂಟಿನ ಅಧಿಕೃತ ಜಾಲತಾಣದಿಂದ ಸ್ಥಾಪನೆಯ ಕಡತವನ್ನು ಇಳಿಸಿಕೊಳ್ಳಬೇಕು. ಬಳಿಕ 'ಎಚರ್' ಎಂಬ ಉಚಿತ ಸಾಧನದಿಂದ ಅದನ್ನು 8 ಜಿಬಿಯ ಖಾಲಿ ಪೆನ್ ಡ್ರೈವಿಗೆ ಬರೆಯಬೇಕು. ಕಡತವನ್ನು ಸುಮ್ಮನೆ ನಕಲು ಮಾಡಿದರೆ ಯಂತ್ರವು ಅದರಿಂದ ಏಳಲಾರದು.

3. ಪೆನ್ ಡ್ರೈವನ್ನು ಸಿಕ್ಕಿಸಿ ಯಂತ್ರವನ್ನು ಆರಂಭಿಸುತ್ತಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಬೇಕು. ತಯಾರಕರು ಬೇರೆಯಾದಂತೆ ಕೀಲಿಯೂ ಬೇರೆಯಾಗುವದು. ಅಲ್ಲಿ ಪೆನ್ ಡ್ರೈವನ್ನು ಆರಿಸಿದರೆ ಲಿನಕ್ಸ್ ತೆರೆಯುವದು.

4. ಈ ಹಂತದಲ್ಲಿ ಲಿನಕ್ಸ್ ಇನ್ನೂ ಪೆನ್ ಡ್ರೈವಿನಿಂದಲೇ ನಡೆಯುತ್ತಿದ್ದು, ಯಂತ್ರದ ಒಳಗೆ ಏನೂ ಬದಲಾಗಿರುವದಿಲ್ಲ. ಹೊಸ ಎತ್ತನ್ನು ಕೊಳ್ಳುವ ಮೊದಲು ನೊಗ ಹೂಡಿ ನೋಡುವಂತೆ, ವೈಫೈ, ಧ್ವನಿ, ಮುದ್ರಣಯಂತ್ರ ಇವೆಲ್ಲ ಸರಿಯಾಗಿ ನಡೆಯುವವೋ ಎಂದು ಇಲ್ಲಿಯೇ ನೋಡಿಕೊಳ್ಳಬೇಕು.

5. ತೃಪ್ತಿಯಾದ ಮೇಲೆ ಪರದೆಯ ಮೇಲಿನ 'ಇನ್‌ಸ್ಟಾಲ್' ಎಂಬ ಚಿತ್ರವನ್ನು ಎರಡು ಸಲ ಒತ್ತಬೇಕು. ಭಾಷೆ, ಕೀಲಿಮಣೆ ಇವುಗಳನ್ನು ಕೇಳಿದ ಬಳಿಕ ಸ್ಥಾಪನೆಯ ಬಗೆಯನ್ನು ಕೇಳುವದು. ಇಲ್ಲಿ ಬಹಳ ಎಚ್ಚರ ಬೇಕು. 'ಡಿಸ್ಕನ್ನು ಅಳಿಸು' ಎಂಬುದನ್ನು ಆರಿಸಿದರೆ ಯಂತ್ರದಲ್ಲಿ ಮೊದಲಿದ್ದದ್ದೆಲ್ಲ ಹೋಗುವದು. ವಿಂಡೋಸನ್ನೂ ಉಳಿಸಿಕೊಳ್ಳಬೇಕೆಂಬುವರು ಅದರ ಪಕ್ಕದಲ್ಲಿಯೇ ಸ್ಥಾಪಿಸುವ ಬಗೆಯನ್ನು ಆರಿಸಿಕೊಳ್ಳತಕ್ಕದ್ದು.

6. ಕಾಲವಲಯವನ್ನು ಕೊಲ್ಕತ್ತಾ ಎಂದು ಗುರುತಿಸಿ, ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ಕೊಡಬೇಕು. ಗ್ನೂಕ್ಯಾಶಿಗೆ ತನ್ನದೇ ಆದ ಬೀಗವಿಲ್ಲದಿರುವದರಿಂದ ಈ ಗುಪ್ತಪದವೇ ಲೆಕ್ಕಕ್ಕೆ ಕಾವಲು. ಅದನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿ ಮುಚ್ಚಿಡುವದು ಯೋಗ್ಯ. ಮನೆಯ ಇನ್ನೊಬ್ಬರಿಗೂ ಅದು ಎಲ್ಲಿದೆಯೆಂದು ತಿಳಿದಿರಬೇಕು.

7. ಕೆಲಸ ಮುಗಿದ ಮೇಲೆ ಯಂತ್ರವನ್ನು ಮರಳಿ ಆರಂಭಿಸಿ, ಪೆನ್ ಡ್ರೈವನ್ನು ತೆಗೆದು, 'ಅಪ್‌ಡೇಟ್ ಮ್ಯಾನೇಜರ್' ತೆರೆದು ಹೊಸ ತಿದ್ದುಪಡಿಗಳನ್ನು ಹಾಕಿಕೊಳ್ಳಬೇಕು.

ಕನ್ನಡ ಅಕ್ಷರಗಳು

ಲೆಕ್ಕವನ್ನು ಕನ್ನಡದಲ್ಲಿಯೇ ಬರೆಯಬೇಕು. ಏತಕ್ಕೆಂದರೆ ಮನೆಯವರೆಲ್ಲರೂ ಓದಲಾರದ ಲೆಕ್ಕವು ಅರ್ಧ ಲೆಕ್ಕವೇ ಸರಿ. ಕೀಲಿಮಣೆಯ ಹೊಂದಾಣಿಕೆಯಲ್ಲಿ ಭಾರತೀಯ ವಿಭಾಗದೊಳಗೆ ಕನ್ನಡದ ಎರಡು ಕೀಲಿಮಣೆಗಳು ಇರುತ್ತವೆ: ಒಂದು ಇನ್‌ಸ್ಕ್ರಿಪ್ಟ್, ಇನ್ನೊಂದು ಕಗಪ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ರೂಢಿಯಿದ್ದವರಿಗೆ ಕಗಪ ಕೀಲಿಮಣೆಯು ಪರಿಚಿತವೆನಿಸುವದು. ಎರಡನೆಯ ಕೀಲಿಮಣೆಯಾಗಿ ಅದನ್ನು ಸೇರಿಸಿಕೊಂಡರೆ ಕನ್ನಡಕ್ಕೂ ಇಂಗ್ಲೀಷಿಗೂ ಬೇಕಾದಾಗ ಹೊರಳಬಹುದು. ಗ್ನೂಕ್ಯಾಶಿನ ಸೂಚನೆಗಳಿಗೆ ಕನ್ನಡ ಅನುವಾದ ಉಂಟು, ಆದರೆ ಕೆಲವು ಮಾತುಗಳು ಇಂಗ್ಲೀಷಿನಲ್ಲಿಯೇ ಉಳಿದಿರುತ್ತವೆ. ಖಾತೆಗಳ ಹೆಸರುಗಳನ್ನೂ ವಿವರಗಳನ್ನೂ ಮಾತ್ರ ಪೂರ್ಣವಾಗಿ ಕನ್ನಡದಲ್ಲಿ ಬರೆಯಬಹುದು.

ಗ್ನೂಕ್ಯಾಶನ್ನು ಸ್ಥಾಪಿಸುವದು

ಇದು ಅತಿ ಸುಲಭವಾದ ಭಾಗ. ಮಿಂಟಿನ 'ಸಾಫ್ಟ್‌ವೇರ್ ಮ್ಯಾನೇಜರ್' ತೆರೆದು, ಹುಡುಕುವ ಸ್ಥಳದಲ್ಲಿ ಗ್ನೂಕ್ಯಾಶ್ ಎಂದು ಇಂಗ್ಲೀಷ್ ಅಕ್ಷರಗಳಿಂದ ಬರೆದು, ಕಾಣಿಸಿದ ಹೆಸರನ್ನು ಆರಿಸಿ 'ಇನ್‌ಸ್ಟಾಲ್' ಒತ್ತಿ, ಗುಪ್ತಪದವನ್ನು ಕೊಟ್ಟರೆ ಮುಗಿಯಿತು. ಟರ್ಮಿನಲ್ ಬಲ್ಲವರು 'ಸುಡೋ ಆಪ್ಟ್ ಇನ್‌ಸ್ಟಾಲ್ ಗ್ನೂಕ್ಯಾಶ್' ಎಂಬ ಆಜ್ಞೆಯನ್ನು ಇಂಗ್ಲೀಷ್ ಅಕ್ಷರಗಳಲ್ಲಿ ಬರೆದರೂ ಅದೇ ಫಲ ದೊರೆಯುವದು. ಎಲ್ಲಿಯೂ ಹಣ ಕೇಳುವದಿಲ್ಲ, ನೋಂದಣಿಯ ಸಂಖ್ಯೆ ಕೇಳುವದಿಲ್ಲ. ಹಣ ಕೇಳುವ ಪುಟವೇನಾದರೂ ಕಂಡರೆ ಅದು ಬೇರೆಯದೆಂದು ತಿಳಿದು ಮುಚ್ಚತಕ್ಕದ್ದು.

ಖಾತೆಗಳ ರಚನೆ

ಗ್ನೂಕ್ಯಾಶ್ ನಡೆಯುವದು ಜೋಡಿನಮೂದಿನ ಪದ್ಧತಿಯಿಂದ. ಈ ಪದ್ಧತಿಯನ್ನು ಇಟಲಿಯ ವರ್ತಕರು ಬಳಸುತ್ತಿದ್ದರು. ಲೂಕಾ ಪಚೋಲಿ ಎಂಬ ಸನ್ಯಾಸಿ-ಗಣಿತಜ್ಞರು 1494ರಲ್ಲಿ ವೆನಿಸ್ ಪಟ್ಟಣದಲ್ಲಿ ಅದನ್ನು ಮುದ್ರಿಸಿ ಪ್ರಕಟಿಸಿದರು. ಅದರ ತತ್ವವು ಒಂದೇ ಮಾತಿನಲ್ಲಿದೆ: ಹಣವು ಎಲ್ಲಿಂದಲೋ ಬಂದ ಹೊರತು ಎಲ್ಲಿಗೂ ಹೋಗಲಾರದು. ಆದುದರಿಂದ ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯತಕ್ಕದ್ದು, ಎಡಗಡೆಯ ಮೊತ್ತವೂ ಬಲಗಡೆಯ ಮೊತ್ತವೂ ಸಮನಾಗತಕ್ಕದ್ದು.

ಮೊದಲ ಸಲ ತೆರೆದಾಗ ಹೊಸ ಖಾತೆಗಳ ರಚನೆಗೆ ಒಂದು ಸಹಾಯಕ ಪುಟ ಬರುವದು. ಅದರಲ್ಲಿ ನಾಣ್ಯವನ್ನು ಭಾರತದ ರೂಪಾಯಿಯೆಂದು ಗುರುತಿಸಿ ಸಾಮಾನ್ಯ ಖಾತೆಗಳನ್ನು ಆರಿಸಬೇಕು. ಬಳಿಕ ಆ ಪಟ್ಟಿಯನ್ನು ಒಕ್ಕಲುತನಕ್ಕೆ ತಕ್ಕಂತೆ ಕೆಳಗಿನ ಐದು ಬುಡಗಳ ಅಡಿಯಲ್ಲಿ ತಿದ್ದಿಕೊಳ್ಳಬೇಕು.

ಆಸ್ತಿ: ಕೈಶಿಲ್ಕು, ಬ್ಯಾಂಕಿನ ಠೇವು, ಅಡತಿ ಅಂಗಡಿಯಿಂದ ಬರತಕ್ಕದ್ದು, ಕೂಲಿಯವರಿಗೆ ಕೊಟ್ಟ ಮುಂಗಡ, ಎತ್ತು-ಎಮ್ಮೆ, ಟ್ರ್ಯಾಕ್ಟರ ಹಾಗೂ ಸಲಕರಣೆಗಳು.

ಸಾಲ: ಸಂಘದ ಬೆಳೆಸಾಲ, ಬ್ಯಾಂಕಿನ ಸಾಲ, ಗೊಬ್ಬರದ ಅಂಗಡಿಯ ಉದ್ರಿ, ಕೈಗಡ.

ಆದಾಯ: ಬೆಳೆಗೊಂದರಂತೆ ಸೋಯಾಬೀನ, ಗೋವಿನಜೋಳ, ಭತ್ತ, ಹತ್ತಿ, ಹೈನು, ಟ್ರ್ಯಾಕ್ಟರದ ಬಾಡಿಗೆ.

ವೆಚ್ಚ: ಪ್ರತಿಯೊಂದು ಬೆಳೆಯ ಕೆಳಗೆ ಬೀಜ, ಗೊಬ್ಬರ, ಗಳೆ, ಕಳೆ, ಔಷಧ, ಕೊಯ್ಲು, ಸಾಗಣೆ, ಬೇರೆಯಾಗಿ ಮನೆಯ ವೆಚ್ಚ.

ಮೂಲಧನ: ಲೆಕ್ಕ ಆರಂಭಿಸಿದ ದಿನ ಮನೆಗೆ ಇದ್ದ ನಿವ್ವಳ ಆಸ್ತಿ.

ಮನೆಯ ವೆಚ್ಚವನ್ನೂ ಹೊಲದ ವೆಚ್ಚವನ್ನೂ ಕೂಡಿಸಕೂಡದು. ಮನೆಯ ಊಟಕ್ಕೆಂದು ಇಟ್ಟುಕೊಂಡ ಭತ್ತವನ್ನು ಆ ದಿನದ ಪೇಟೆಯ ದರದಿಂದ ಭತ್ತದ ಆದಾಯವೆಂದೂ ಮನೆಯ ವೆಚ್ಚವೆಂದೂ ಎರಡೂ ಕಡೆ ಬರೆಯತಕ್ಕದ್ದು. ಇಲ್ಲವಾದರೆ ಭತ್ತದ ಹೊಲವು ಇಲ್ಲದ ಹಾನಿಯನ್ನು ತೋರಿಸುವದು. ಟ್ರ್ಯಾಕ್ಟರವನ್ನು ಕೊಂಡದ್ದು ಆ ವರ್ಷದ ವೆಚ್ಚವಲ್ಲ, ಆಸ್ತಿಯು. ವರ್ಷವರ್ಷದ ಸವಕಳಿಯನ್ನು ಮಾತ್ರ ವೆಚ್ಚಕ್ಕೆ ಹಾಕಬೇಕು. ಬೆಲೆ, ಸಾಲ, ಬಾಕಿ ಇವುಗಳ ಆರಂಭದ ಅಂಕಿಗಳನ್ನು ಎಪ್ರಿಲ 1ರ ತಾರೀಖಿಗೆ ಬರೆದುಕೊಂಡರೆ ಬ್ಯಾಂಕಿನ ವರ್ಷಕ್ಕೂ ಮನೆಯ ವರ್ಷಕ್ಕೂ ತಾಳೆ ಬೀಳುವದು.

ನಮೂದಿನ ಉದಾಹರಣೆ

ತಿಳಿವಳಿಕೆಗಾಗಿ ಕಲ್ಪಿಸಿದ ಅಂಕಿಗಳಿಂದ ಒಂದು ಉದಾಹರಣೆಯನ್ನು ನೋಡಬಹುದು. ಒಬ್ಬ ಜಮೀನುದಾರನು ಸಂಘದಿಂದ 60,000 ರೂಪಾಯಿ ಬೆಳೆಸಾಲ ತಂದನು. ಆಗ ಎಡಗಡೆಗೆ ಬ್ಯಾಂಕು 60,000, ಬಲಗಡೆಗೆ ಬೆಳೆಸಾಲ 60,000. ಆದಾಯದ ಖಾತೆಯನ್ನು ಈ ನಮೂದು ಮುಟ್ಟುವದೇ ಇಲ್ಲ. ಸಾಲವನ್ನು ಗಳಿಕೆಯೆಂದು ಭ್ರಮಿಸುವ ತಪ್ಪು ಇಲ್ಲಿಯೇ ಅಳಿಯುವದು.

ಮುಂದೆ ಆತನು 4 ಎಕರೆಯ ಸೋಯಾಬೀನ 20 ಕ್ವಿಂಟಲು ಮಾಲನ್ನು ಕ್ವಿಂಟಲಿಗೆ 5,000ದಂತೆ ಮಾರಿದನು. ಒಟ್ಟು 1,00,000 ರೂಪಾಯಿ. ಅದರಲ್ಲಿ ಸಾಗಣೆ-ಹಮಾಲಿಗೆ 3,000 ಮುರಿದು, 40,000 ರೋಖ ಕೊಟ್ಟು, 57,000ವನ್ನು ಅಂಗಡಿಯವರು ಬಾಕಿ ಉಳಿಸಿಕೊಂಡರು. 'ಸ್ಪ್ಲಿಟ್' ಎಂಬ ಗುಂಡಿಯನ್ನು ಒತ್ತಿದರೆ ಒಂದೇ ವ್ಯವಹಾರಕ್ಕೆ ಅನೇಕ ಸಾಲುಗಳು ತೆರೆಯುವವು. ಅವುಗಳಲ್ಲಿ ಹೀಗೆ ಬರೆಯಬೇಕು:

ಎಡಗಡೆ: ಕೈಶಿಲ್ಕು 40,000, ಅಂಗಡಿಯಿಂದ ಬರತಕ್ಕದ್ದು 57,000, ಸೋಯಾಬೀನ ಸಾಗಣೆಯ ವೆಚ್ಚ 3,000. ಒಟ್ಟು 1,00,000.

ಬಲಗಡೆ: ಸೋಯಾಬೀನ ಆದಾಯ 1,00,000.

ಬಾಯಿಲೆಕ್ಕದವನು '40,000 ಬಂತು' ಎಂದಷ್ಟೇ ನೆನಪಿಡುವನು. ಬರೆದವನಿಗೆ 57,000ದ ಬಾಕಿಯು ದಿನವೂ ಕಣ್ಣಿಗೆ ಬೀಳುವದು. ವಸೂಲಾಗುವ ವರೆಗೆ ಅದು ಮರೆಯಾಗದು. ಎಡ-ಬಲಗಳು ಸಮನಾಗದಿದ್ದರೆ ಗ್ನೂಕ್ಯಾಶ್ ತಾನೇ 'ಇಂಬ್ಯಾಲನ್ಸ್' ಎಂಬ ಹೆಸರಿನ ಖಾತೆಯನ್ನು ಹುಟ್ಟಿಸಿ ವ್ಯತ್ಯಾಸವನ್ನು ಅದರಲ್ಲಿ ಹಾಕುವದು. ಖಾತೆಗಳ ಪಟ್ಟಿಯಲ್ಲಿ ಈ ಹೆಸರಿನ ಮುಂದೆ ಅಂಕಿ ಕಂಡರೆ ಎಲ್ಲಿಯೋ ತಪ್ಪಿದೆಯೆಂದು ತಿಳಿದು ಅಂದೇ ತಿದ್ದಿಕೊಳ್ಳತಕ್ಕದ್ದು.

ವರ್ಷಾಂತ್ಯದಲ್ಲಿ ತಿಳಿದುಬರುವ ಸಂಗತಿ

ಇದೇ 4 ಎಕರೆಗೆ ಬೀಜಕ್ಕೆ 11,000, ಗೊಬ್ಬರಕ್ಕೆ 9,000, ಗಳೆಗೆ 14,000, ಕಳೆ ಹಾಗೂ ಕೂಲಿಗೆ 20,000, ಔಷಧಕ್ಕೆ 5,000, ಕೊಯ್ಲು-ಒಕ್ಕಣಿಗೆ 16,000, ಸಾಗಣೆಗೆ 3,000 ಹೀಗೆ ಒಟ್ಟು 78,000 ವೆಚ್ಚವಾಗಿದ್ದರೆ ಉಳಿತಾಯವು 22,000. ಮನೆಯವರು ತಾವೇ ದುಡಿದ 40 ಆಳುಗಳ ಕೂಲಿಯನ್ನು ಆಳಿಗೆ 400ರಂತೆ ಹಿಡಿದರೆ 16,000 ಹೋಗಿ ನಿಜವಾದ ಲಾಭವು 6,000 ಮಾತ್ರ. ಅದೇ ಮನೆತನಕ್ಕೆ ಗೋವಿನಜೋಳದಲ್ಲಿ 30,000 ಉಳಿದು ಹತ್ತಿಯಲ್ಲಿ 12,000 ಹಾನಿಯಾಗಿದ್ದರೆ, ತಿಜೋರಿಯನ್ನು ನೋಡಿದವನಿಗೆ ಒಟ್ಟು 40,000 ಉಳಿದಂತೆ ಕಂಡು ಸಮಾಧಾನವಾಗುವದು. ಹತ್ತಿಯ ಹೊಲವು 12,000 ನುಂಗಿದ್ದು ಬರೆದಿಟ್ಟವನಿಗೆ ಮಾತ್ರ ತಿಳಿಯುವದು. ಒಂದು ವರ್ಷದ ಹಾನಿಯಿಂದಲೇ ಬೆಳೆಯನ್ನು ಬಿಡಬೇಕೆಂದಲ್ಲ. ಮಳೆಯ ದೋಷವೋ, ಹುಳದ ಬಾಧೆಯೋ, ಕೂಲಿಯ ಏರಿಕೆಯೋ ಎಂಬುದನ್ನು ಮೂರು ವರ್ಷಗಳ ಅಂಕಿಗಳು ಹೇಳುವವು. ಆ ಅಂಕಿಗಳನ್ನು ಕೈಯಲ್ಲಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಬಂದ ಒಕ್ಕಲಿಗನಿಗೆ ತಕ್ಕ ಸಲಹೆ ಕೊಡುವದೂ ಸುಲಭವಾಗುವದು.

'ರಿಪೋರ್ಟ್ಸ್' ಎಂಬ ಪಟ್ಟಿಯಿಂದ ಲಾಭ-ಹಾನಿಯ ಪತ್ರಿಕೆ, ತಾಳೆಪಟ್ಟಿ, ಅಢಾವೆ ಪತ್ರಿಕೆ ಈ ಮೂರನ್ನೂ ಕ್ಷಣದಲ್ಲಿ ತೆಗೆಯಬಹುದು. ತಿಂಗಳಿಗೊಮ್ಮೆ ಬ್ಯಾಂಕಿನ ಪಾಸಬುಕ್ಕನ್ನು ಮುಂದಿಟ್ಟುಕೊಂಡು 'ರಿಕನ್ಸೈಲ್' ಎಂಬುದರಿಂದ ತಾಳೆ ನೋಡತಕ್ಕದ್ದು. ಕೈಶಿಲ್ಕನ್ನು ಮಾತ್ರ ವಾರಕ್ಕೊಮ್ಮೆ ಎಣಿಸಿ ನೋಡುವದು ಒಳ್ಳೆಯದು.

ಪ್ರತಿಗಳನ್ನು ಕಾಯ್ದಿಡುವದು

ಕಾಗದದ ಪುಸ್ತಕಕ್ಕೆ ಗೆದ್ದಲಿನ ಭಯವಿದ್ದಂತೆ ಯಂತ್ರದ ಪುಸ್ತಕಕ್ಕೆ ಸಿಡಿಲು, ಕಳವು, ಡಿಸ್ಕಿನ ಕೇಡು ಇವುಗಳ ಭಯವಿದೆ. ಗ್ನೂಕ್ಯಾಶ್ ಪ್ರತಿ ಸಲ ಉಳಿಸುವಾಗ ತಾರೀಖು-ವೇಳೆಗಳುಳ್ಳ ಹಳೆಯ ಪ್ರತಿಯೊಂದನ್ನು ಪಕ್ಕದಲ್ಲಿಡುವದು. ಬದಲಿಸದಿದ್ದರೆ 30 ದಿನಗಳ ಬಳಿಕ ಅಂಥ ಪ್ರತಿಗಳನ್ನು ತಾನೇ ತೆಗೆದುಹಾಕುವದು. ಆದರೆ ಅವೆಲ್ಲವೂ ಅದೇ ಯಂತ್ರದಲ್ಲಿರುವದರಿಂದ ಯಂತ್ರವೇ ಹೋದರೆ ಅವೂ ಹೋಗುವವು. ಆದುದರಿಂದ ಎರಡು ಪೆನ್ ಡ್ರೈವುಗಳನ್ನು ಇಟ್ಟುಕೊಂಡು ವಾರಕ್ಕೊಂದರಂತೆ ಸರದಿಯಿಂದ ನಕಲು ಮಾಡಬೇಕು. ಒಂದು ಮನೆಯಲ್ಲಿ, ಇನ್ನೊಂದು ನಂಬಿಗೆಯ ಬಂಧುಗಳ ಮನೆಯಲ್ಲಿ ಇರತಕ್ಕದ್ದು. ವರ್ಷಕ್ಕೊಮ್ಮೆ ಆ ನಕಲನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ನಕಲು ಮೊಳೆಯದ ಬೀಜದಂತೆ. ಇದಲ್ಲದೆ ಮಾರ್ಚ 31ರ ಅಢಾವೆ ಪತ್ರಿಕೆಯನ್ನು ಮುದ್ರಿಸಿ ಸಹಿ ಹಾಕಿ ಫೈಲಿನಲ್ಲಿಟ್ಟರೆ, ಯಂತ್ರವಿಲ್ಲದ ಕಾಲಕ್ಕೂ ಅದು ಉಪಯೋಗಕ್ಕೆ ಬರುವದು.

ಎಲ್ಲಿ ಇದು ಸಾಲದು

ಈ ತಂತ್ರಾಂಶದ ಮಿತಿಗಳನ್ನೂ ತಿಳಿದಿರಬೇಕು. ಗ್ನೂಕ್ಯಾಶಿನಲ್ಲಿ ಒಂದು ಕಡತವನ್ನು ಒಂದು ಸಲಕ್ಕೆ ಒಬ್ಬರೇ ನಡೆಸಬಹುದು. ಹಳೆಯ ನಮೂದನ್ನು ಯಾರು ತಿದ್ದಿದರೆಂದು ಅದು ಹೇಳಲಾರದು. ಕಡತದ ಗುಣಲಕ್ಷಣಗಳಲ್ಲಿ ಇಂತಿಷ್ಟು ದಿನಗಳ ಹಿಂದಿನ ನಮೂದುಗಳನ್ನು ತಿದ್ದಲು ಬಾರದಂತೆ ಗೆರೆ ಎಳೆಯುವ ಅನುಕೂಲ ಉಂಟು, ಅದನ್ನು ಬಳಸಬೇಕು. ಆದರೆ ಗೆರೆಯನ್ನು ಎಳೆದವನು ಅದನ್ನು ಅಳಿಸಲೂ ಬಲ್ಲನು.

ಈ ಕಾರಣದಿಂದ ರೈತ ಉತ್ಪಾದಕ ಕಂಪನಿಗಳು ಇದೊಂದನ್ನೇ ನಂಬಕೂಡದು. ಕಂಪನಿಗಳ ನಿಯಮಗಳಂತೆ, 2023ರ ಎಪ್ರಿಲ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದ, ಪ್ರತಿಯೊಂದು ತಿದ್ದುಪಡಿಯ ದಾಖಲೆಯನ್ನೂ ಅಳಿಸಲಾಗದಂತೆ ಇಡುವ ತಂತ್ರಾಂಶವನ್ನೇ ಕಂಪನಿಗಳು ಬಳಸಬೇಕಾಗಿದೆ. ಪ್ರಾಥಮಿಕ ಕೃಷಿಪತ್ತಿನ ಸಹಕಾರಿ ಸಂಘಗಳ ಸಂಗತಿಯೂ ಬೇರೆ. 63,000 ಸಂಘಗಳ ಗಣಕೀಕರಣಕ್ಕಾಗಿ 2022ರಲ್ಲಿ ಕೇಂದ್ರ ಸರಕಾರವು 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಅದಕ್ಕೆ ಸೇರಿದ ಸಂಘಗಳು ಆ ಯೋಜನೆಯ ಸಮಾನ ತಂತ್ರಾಂಶದಲ್ಲಿಯೇ ಲೆಕ್ಕ ಇಡತಕ್ಕದ್ದು. ಇಂಥ ಸಂಸ್ಥೆಗಳ ಪದಾಧಿಕಾರಿಗಳು ಯಾವ ಬದಲಾವಣೆಗೂ ಮೊದಲು ತಮ್ಮ ಲೆಕ್ಕಪರಿಶೋಧಕರನ್ನು ಕೇಳಬೇಕು.

ಉಳಿದ ಕೆಲಸಗಳಿಗೆ, ಅಂದರೆ ಮನೆತನದ ಒಕ್ಕಲುತನ, ಪಾಲುಗಾರಿಕೆಯ ಕೊಳವೆಬಾವಿ, ಬಾಡಿಗೆಯ ಯಂತ್ರಗಳು, ಜಾತ್ರೆ, ಗುಡಿಯ ಜೀರ್ಣೋದ್ಧಾರ ಇವುಗಳಿಗೆ ಗ್ನೂಕ್ಯಾಶ್ ಸಾಕಷ್ಟಾಯಿತು. ಒಂದೊಂದಕ್ಕೂ ಬೇರೆ ಬೇರೆ ಕಡತವನ್ನು ಇಡತಕ್ಕದ್ದು. ಮನೆಯ ಹಣವೂ ಊರ ಹಣವೂ ಒಂದೇ ಕಡತದಲ್ಲಿ ಕೂಡಕೂಡದು.

ಊರ ಮುಖ್ಯರ ಕರ್ತವ್ಯ

ಊರ ಹಣವು ಯಾರ ಕೈಯಲ್ಲಿ ನಿಲ್ಲುವದೋ ಅವರ ಮೇಲೆ ಊರ ಕಣ್ಣು ಇದ್ದೇ ಇರುವದು. ಒಳ್ಳೆಯವರಾದ ಹಿರಿಯರೂ ಲೆಕ್ಕವನ್ನು ತೋರಿಸಲಾರದೆ ಹೆಸರು ಕೆಡಿಸಿಕೊಂಡ ಪ್ರಸಂಗಗಳು ಹಳ್ಳಿಗಳಲ್ಲಿ ಅಪರೂಪವಲ್ಲ. ಜಾತ್ರೆ ಮುಗಿದ ಹದಿನೈದು ದಿನಗಳೊಳಗೆ ಜಮಾ-ಖರ್ಚಿನ ಪತ್ರಿಕೆಯನ್ನು ಮುದ್ರಿಸಿ ಗುಡಿಯ ಗೋಡೆಗೆ ಹಚ್ಚಿ, ಕೂಡಿದ ಜನರೆದುರಿಗೆ ಓದಿಸಿದರೆ ಅಂಥ ಮಾತಿಗೆ ಎಡೆಯೇ ಉಳಿಯದು. ಪಾವತಿಗಳನ್ನು ಜೋಡಿಸಿಟ್ಟರೆ ಇನ್ನೂ ಲೇಸು. ಯಂತ್ರದಲ್ಲಿಯ ಅಂಕಿಗೆ ಕಾಗದದ ಪಾವತಿಯೇ ಸಾಕ್ಷಿ.

ಊರ ಶಾಲೆ-ಕಾಲೇಜುಗಳಲ್ಲಿ ಓದುವ ಹುಡುಗರೂ ಹುಡುಗಿಯರೂ ಈ ಕೆಲಸವನ್ನು ಎರಡು ದಿನಗಳಲ್ಲಿ ಕಲಿಯಬಲ್ಲರು. ಯಂತ್ರವನ್ನು ನಡೆಸುವದು ಅವರಿಗಿರಲಿ. ಏನನ್ನು ಬರೆಯಬೇಕೆಂಬುದನ್ನು ಹೇಳಿ, ಬರೆದದ್ದನ್ನು ವಾರಕ್ಕೊಮ್ಮೆ ಓದಿಸಿ ಕೇಳುವದು ಯಜಮಾನರಿಗಿರಲಿ. ಹೀಗೆ ಮಾಡಿದಲ್ಲಿ ಮುಂದಿನ ತಲೆಯವರಿಗೆ ಹೊಲದೊಡನೆ ಹೊಲದ ಲೆಕ್ಕವೂ ದಾಟುವದು.

ಸಾರಾಂಶ

ಹಳೆಯ ಯಂತ್ರವನ್ನು ಎಸೆಯುವ ಮೊದಲು ಲಿನಕ್ಸ್ ಹಾಕಿ ನೋಡತಕ್ಕದ್ದು. ಹಳೆಯ ಕಡತಗಳನ್ನು ನಕಲು ಮಾಡದೆ ಸ್ಥಾಪನೆಗೆ ಕೈಹಾಕಕೂಡದು. ಸಾಲವನ್ನು ಆದಾಯದಲ್ಲಿ ಬರೆಯಕೂಡದು. ಬೆಳೆಗೊಂದು ಖಾತೆ ಇಡತಕ್ಕದ್ದು. ಅಂದಿನ ನಮೂದನ್ನು ಅಂದೇ ಮಾಡತಕ್ಕದ್ದು. ವಾರಕ್ಕೊಮ್ಮೆ ನಕಲು ತೆಗೆಯತಕ್ಕದ್ದು. ತಂತ್ರಾಂಶವು ಉಚಿತವಾಗಿ ದೊರೆಯುವದು, ಆದರೆ ದಿನದ ಕಾಲು ಗಂಟೆಯನ್ನು ಒಕ್ಕಲಿಗನೇ ಕೊಡಬೇಕು. ಸುಳ್ಳು ಬರೆದರೆ ಯಂತ್ರವು ಸುಳ್ಳನ್ನೇ ಕೂಡಿಸಿ ತೋರಿಸುವದು. ನಿಜ ಬರೆದ ಮನೆತನಕ್ಕೆ ಅದು ಬಿತ್ತಿಗೆಗೆ ಮೊದಲೇ ದಾರಿ ತೋರಿಸಬಲ್ಲದು. ಬರುವ ಎಪ್ರಿಲ 1ಕ್ಕೆ ಹೊಸ ವರ್ಷದ ಲೆಕ್ಕವನ್ನು ಆರಂಭಿಸಬೇಕೆಂಬುವರು ಅದಕ್ಕೆ ಮುಂಚಿನ ತಿಂಗಳಲ್ಲಿಯೇ ಯಂತ್ರವನ್ನು ಸಿದ್ಧಗೊಳಿಸಿ, ಸಾಲ-ಬಾಕಿಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವದು ಯುಕ್ತವಾದದ್ದು.